ಕಡಿದ ಹಸಿರಿಗೆ ಬದಲೇನು? ನಿಯಮಗಳು ಹೇಳುವುದು, ಹೇಳದಿರುವುದು

ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚೇಳೂರು ಹಲಸಿಗೆ ಹೆಸರಾದ ಊರು. ಕೆಂಪು ತೊಳೆಯ ‘ಸಿದ್ದು’ ಹಲಸು ಇಲ್ಲಿನ ರೈತರೊಬ್ಬರ ಜಮೀನಿನಲ್ಲಿದ್ದ ಒಂದು ಮರದಿಂದ ಬಂದ ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅದನ್ನು ಗುರುತಿಸಿ, ಕಸಿ ಗಿಡಗಳ ಮೂಲಕ ಬೆಳೆಗಾರರಿಗೆ ತಲುಪಿಸಿತು. ಗುರುತಿಗೆ ಬರುವ ಮೊದಲೇ ಆ ಮರ ರಸ್ತೆಗೋ ಕಟ್ಟಡಕ್ಕೋ ಬಲಿಯಾಗಿದ್ದರೆ, ಹತ್ತು ಸಸಿ ನೆಟ್ಟರೂ ನಷ್ಟ ತುಂಬುತ್ತಿರಲಿಲ್ಲ. ಅಭಿವೃದ್ಧಿ ಕಾಮಗಾರಿಗಳಿಂದಾಗುವ ಇಂಥ ನಷ್ಟಕ್ಕೆ ಕಾನೂನು ಯಾವ ಪರಿಹಾರವನ್ನು ವಿಧಿಸುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂಬುದರ ಸಂಕ್ಷಿಪ್ತ ವಿವರ ಇಲ್ಲಿದೆ.

ಮರಗಳಿಗೆ ಸಂಬಂಧಿಸಿದ ನಿಯಮ

ಅರಣ್ಯದ ಹೊರಗಿನ ಮರಗಳಿಗೆ ಅನ್ವಯಿಸುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಅಗತ್ಯ. ಅನುಮತಿ ನೀಡುವಾಗ, ಅದೇ ಜಾತಿಯ ಅಥವಾ ಸೂಕ್ತವಾದ ಬೇರೆ ಜಾತಿಯ ಗಿಡವನ್ನು ಅದೇ ಸ್ಥಳದಲ್ಲಿ ಇಲ್ಲವೇ ಬೇರೆ ಸೂಕ್ತ ಸ್ಥಳದಲ್ಲಿ 30 ದಿನಗಳೊಳಗೆ ನೆಡಬೇಕೆಂಬ ಷರತ್ತನ್ನು ಅಧಿಕಾರಿ ವಿಧಿಸಬಹುದು. ಅವಧಿಯನ್ನು ವಿಸ್ತರಿಸಲೂ ಅವಕಾಶವಿದೆ. ಕಡಿಯಬೇಕಾದ ಮರಗಳು 50ಕ್ಕಿಂತ ಹೆಚ್ಚಿದ್ದರೆ ಸಾರ್ವಜನಿಕರಿಂದ ಆಕ್ಷೇಪಣೆ ಆಹ್ವಾನಿಸಬೇಕು. ತೆಂಗು, ನೀಲಗಿರಿ, ಗಾಳಿ, ಸಿಲ್ವರ್ ಓಕ್ ಮುಂತಾದವುಗಳಿಗೆ ಅನುಮತಿಯಿಂದ ವಿನಾಯಿತಿ ಇದೆ. ಗುಬ್ಬಿಯ ಮೂಲಕ ಹಾದುಹೋಗುವ ತುಮಕೂರು–ಶಿವಮೊಗ್ಗ ಹೆದ್ದಾರಿಯಂಥ ರಸ್ತೆಗಳ ವಿಸ್ತರಣೆಯ ಸಂದರ್ಭದಲ್ಲಿ ಜನರು ಮೊದಲು ನೋಡಬೇಕಾದ ಕಾನೂನು ಇದು.

ಅರಣ್ಯ ಭೂಮಿಗೆ ಬದಲಿ ಭೂಮಿ

ಅರಣ್ಯ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಪೂರ್ವಾನುಮತಿ ಬೇಕು. 2023ರ ತಿದ್ದುಪಡಿಯಿಂದ ಈ ಕಾಯ್ದೆಯ ಹೆಸರು ಬದಲಾಗಿದೆ. ಸಾಮಾನ್ಯವಾಗಿ, ಕಳೆದುಹೋಗುವ ಅರಣ್ಯಕ್ಕೆ ಸಮನಾದ ವಿಸ್ತೀರ್ಣದ ಅರಣ್ಯೇತರ ಭೂಮಿಯನ್ನು ನೀಡಿ ಅಲ್ಲಿ ಗಿಡ ಬೆಳೆಸಬೇಕು. ಇದಕ್ಕೆ ಪರಿಹಾರಾತ್ಮಕ ಅರಣ್ಯೀಕರಣ ಎಂದು ಹೆಸರು. ಕೇಂದ್ರ ಸರ್ಕಾರದ ಸಂಸ್ಥೆಗಳ ಯೋಜನೆಗಳಿಗೆ ಎರಡು ಪಟ್ಟು ವಿಸ್ತೀರ್ಣದ ಕ್ಷೀಣಿತ ಅರಣ್ಯದಲ್ಲಿ ಗಿಡ ನೆಡಲು ಅವಕಾಶವುಂಟು.

ಇದರ ಜೊತೆಗೆ ಕಾಡಿನ ‘ನಿವ್ವಳ ಪ್ರಸ್ತುತ ಮೌಲ್ಯ’ವನ್ನೂ ಪಾವತಿಸಬೇಕು. ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿವರೆಗಿನ ದರಗಳನ್ನು ಒಪ್ಪಿತ್ತು. 2022ರ ಪರಿಷ್ಕರಣೆಯಲ್ಲಿ ಅವು ಸುಮಾರು 9.57 ಲಕ್ಷದಿಂದ 15.95 ಲಕ್ಷಕ್ಕೆ ಏರಿದವು. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯ ಪ್ರಕಾರ ಸಂಗ್ರಹವಾದ ಹಣದ ಶೇ 90ರಷ್ಟು ರಾಜ್ಯಕ್ಕೆ, ಶೇ 10ರಷ್ಟು ರಾಷ್ಟ್ರೀಯ ನಿಧಿಗೆ ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಕೇಂದ್ರವು ರಾಜ್ಯಗಳಿಗೆ 47,436 ಕೋಟಿ ರೂಪಾಯಿ ವರ್ಗಾಯಿಸಿತು. ಹಣದ ಕೊರತೆಯೇ ಮುಖ್ಯ ತೊಡಕಲ್ಲ ಎಂಬುದು ಇದರಿಂದ ಸ್ಪಷ್ಟ.

ಲೆಕ್ಕಕ್ಕೆ ಬಾರದ ಕಾವಲುಗಳು

ತೊಡಕಿರುವುದು ಅಳತೆಗೋಲಿನಲ್ಲಿ. ಕಾನೂನು ಹೆಕ್ಟೇರುಗಳನ್ನೂ ಸಸಿಗಳನ್ನೂ ಎಣಿಸುತ್ತದೆ. ಆದರೆ ಬಯಲುಸೀಮೆಯ ಸಹಜ ಸಸ್ಯಸಂಪತ್ತಿನ ದೊಡ್ಡ ಭಾಗ ಹುಲ್ಲುಗಾವಲು ಮತ್ತು ಕುರುಚಲು. ಕಾವಲ್ ಎಂದರೆ ದನಕರು ಮೇಯುವ ಹುಲ್ಲುಗಾವಲು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಜಾಗದಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಯಿತು. 2023ರ ಫೆಬ್ರವರಿ 6ರಂದು ಅದು ಲೋಕಾರ್ಪಣೆಗೊಂಡಿತು. ಯಾವುದೇ ಕಾವಲು ಅರಣ್ಯವೆಂದು ದಾಖಲಾಗದಿದ್ದಲ್ಲಿ, ಅದಕ್ಕೆ ಬದಲಾಗಿ ಅಷ್ಟೇ ಹುಲ್ಲುಗಾವಲನ್ನು ಉಳಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ. ಬದಲಿಗೆ ಇನ್ನೊಂದು ಹುಲ್ಲುಗಾವಲಿನಲ್ಲಿ ಗಿಡ ನೆಟ್ಟರೆ ನಷ್ಟ ಇಮ್ಮಡಿಯಾಗುತ್ತದೆ.

ಇದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ವಿಸ್ತಾರದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ. ಕೃಷ್ಣಮೃಗ ಬದುಕುವುದು ಬಯಲಿನಲ್ಲಿ, ದಟ್ಟ ನೆಡುತೋಪಿನಲ್ಲಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಇಂಥ ಪ್ರಾಣಿಗಳನ್ನು ಬೇಟೆಯಿಂದ ಕಾಪಾಡುತ್ತದೆ. ದೊಡ್ಡ ಯೋಜನೆಗಳ ಪರಿಸರ ಅನುಮತಿಯಲ್ಲಿ ಸಂರಕ್ಷಣಾ ಯೋಜನೆಯ ಷರತ್ತು ಹಾಕುವುದೂ ಉಂಟು. ಆದರೆ ಸಂರಕ್ಷಿತ ಪ್ರದೇಶದ ಹೊರಗಿನ ನೆಲೆ ನಾಶವಾದರೆ ಅದೇ ಬಗೆಯ ನೆಲೆಯನ್ನು ಒದಗಿಸಬೇಕೆಂಬ ಸಾಮಾನ್ಯ ನಿಯಮವಿಲ್ಲ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2016ರ ಕಾಯ್ದೆಯಡಿ ಸಹಜ ಸಸ್ಯಸಮೂಹಕ್ಕೂ ಅಪಾಯದಂಚಿನ ಜೀವಿಗಳಿಗೂ ಪ್ರತ್ಯೇಕ ಲೆಕ್ಕ ಇಡಲಾಗುತ್ತದೆ. ಅಂಥದ್ದಕ್ಕೆ ಅಂಥದ್ದೇ ಬದಲು ಎಂಬುದು ಅಲ್ಲಿನ ಮೂಲ ತತ್ತ್ವ. ಆದರೂ ಹಣ ಕಟ್ಟಿ ಹೊಣೆ ಕಳೆದುಕೊಳ್ಳುವ ದಾರಿ ಅಲ್ಲಿಯೂ ಉಂಟು.

ಗ್ರಾಮಸ್ಥರು ಮಾಡಬಹುದಾದ್ದು

ನಿಧಿಯ ಹಣದಲ್ಲಿ ಕೈಗೊಳ್ಳುವ ಕೆಲಸಗಳಿಗೆ ಗ್ರಾಮಸಭೆ ಅಥವಾ ಗ್ರಾಮ ಅರಣ್ಯ ಸಮಿತಿಯೊಂದಿಗೆ ಸಮಾಲೋಚಿಸಬೇಕೆಂದು 2018ರ ನಿಯಮಗಳು ಹೇಳುತ್ತವೆ. ಯಾವ ಜಾತಿಯ ಗಿಡ, ಯಾವ ಜಾಗ, ಎಷ್ಟು ವರ್ಷದ ಪೋಷಣೆ ಎಂದು ಅಲ್ಲಿ ಕೇಳಬಹುದು. ಅರಣ್ಯ ಭೂಮಿ ಕೋರುವ ಪ್ರಸ್ತಾವಗಳನ್ನು ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ ನೋಡಬಹುದು.

2002ರ ಜೀವವೈವಿಧ್ಯ ಕಾಯ್ದೆಯನ್ವಯ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲೆ ಇಡಬೇಕು. ಹಳೆಯ ಹಲಸು, ಗೋಮಾಳದ ಹುಲ್ಲು, ಕೆರೆಯಂಚಿನ ಹಕ್ಕಿ ಇವೆಲ್ಲ ಅದರಲ್ಲಿ ಸೇರಲಿ. ಏನಿತ್ತು ಎಂಬುದೇ ಬರಹದಲ್ಲಿ ಇಲ್ಲದಿದ್ದರೆ, ಕಳೆದುಕೊಂಡ ಮೇಲೆ ಬದಲು ಕೇಳಲು ಆಧಾರವೇ ಇರುವುದಿಲ್ಲ.