ಹ್ಯೂಸ್ಟನ್ ನಗರದ ನಾಲ್ಕು ಹಳೆಯ ವಿಳಾಸಗಳು

ತೈಲದ ಹಣದಿಂದ ಬೆಳೆದ ಹ್ಯೂಸ್ಟನ್‌ನಲ್ಲಿ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದು ರೂಢಿ. ಊರಿನವರು ಇಂದಿಗೂ ನೆನೆಯುವ ನಾಲ್ಕು ಜಾಗಗಳಿವು.

ಶ್ಯಾಮ್‌ರಾಕ್ ಹೋಟೆಲ್ (1949–1987)
ತೈಲೋದ್ಯಮಿ ಗ್ಲೆನ್ ಮೆಕಾರ್ಥಿ ಕಟ್ಟಿಸಿದ್ದು. 18 ಅಂತಸ್ತು, 1,100 ಕೋಣೆ. ಇದರ ಈಜುಕೊಳ ವಾಟರ್ ಸ್ಕೀಯಿಂಗ್ ಪ್ರದರ್ಶನ ನಡೆಸುವಷ್ಟು ವಿಶಾಲವಾಗಿತ್ತು. ಕೆಡವಬಾರದೆಂದು 1986ರಲ್ಲಿ ನಾಗರಿಕರು ಮೆರವಣಿಗೆ ಮಾಡಿದರೂ ಕಟ್ಟಡ ಉಳಿಯಲಿಲ್ಲ.

ಫೋಲೀಸ್ ಮಳಿಗೆ (1947–2013)
ಮೇನ್ ಸ್ಟ್ರೀಟ್‌ನಲ್ಲಿ, ಮೇಲ್ಮಹಡಿಗಳಿಗೆ ಕಿಟಕಿಯೇ ಇಲ್ಲದ ಭಾರಿ ಅಂಗಡಿ. ನಗರದ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಗೆ ಬಹುಕಾಲ ಇದೇ ಹೆಸರಿತ್ತು. 2006ರಲ್ಲಿ ಮಳಿಗೆಯ ಹೆಸರು ಮೇಸೀಸ್ ಆಯಿತು. 2013ರ ಸೆಪ್ಟೆಂಬರ್‌ನಲ್ಲಿ ಸ್ಫೋಟಕ ಇಟ್ಟು ಕಟ್ಟಡವನ್ನು ಉರುಳಿಸಲಾಯಿತು.

ಆಸ್ಟ್ರೋವರ್ಲ್ಡ್ (1968–2005)
ಆಸ್ಟ್ರೋಡೋಮ್ ಕ್ರೀಡಾಂಗಣದ ರೂವಾರಿ ರಾಯ್ ಹಾಫ್‌ಹೈನ್ಸ್ ಅದರ ಸಮೀಪದಲ್ಲೇ ತೆರೆದ ಮನರಂಜನಾ ಉದ್ಯಾನ. 1976ರಲ್ಲಿ ಬಂದ ಮರದ ರೋಲರ್ ಕೋಸ್ಟರ್ ‘ಟೆಕ್ಸಸ್ ಸೈಕ್ಲೋನ್’ ಇಲ್ಲಿನ ಮುಖ್ಯ ಆಕರ್ಷಣೆ.

ವೈನ್‌ಗಾರ್ಟನ್ಸ್, ಅಲ್ಮೇಡಾ ರಸ್ತೆ
ಈ ದಿನಸಿ ಅಂಗಡಿಯ ಊಟದ ಕೌಂಟರ್‌ನಲ್ಲಿ ಕಪ್ಪು ಜನರಿಗೆ ಬಡಿಸುತ್ತಿರಲಿಲ್ಲ. 1960ರ ಮಾರ್ಚ್ 4ರಂದು ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನಡೆದು ಬಂದು ಆ ಕೌಂಟರ್‌ನಲ್ಲೇ ಧರಣಿ ಕುಳಿತರು. ನಗರದಲ್ಲಿ ಇಂಥ ಮೊದಲ ಧರಣಿ ಅದು. ಅದೇ ವರ್ಷ ಆಗಸ್ಟ್‌ನಲ್ಲಿ ಹ್ಯೂಸ್ಟನ್‌ನ ಹಲವು ಕೌಂಟರ್‌ಗಳು ಎಲ್ಲರಿಗೂ ತೆರೆದವು. ಅಂಗಡಿ ಹೋಗಿ ಮುಂದೆ ಅಲ್ಲಿ ಅಂಚೆ ಕಚೇರಿ ಬಂದಿತ್ತು. ಧರಣಿಯ ಸ್ಮಾರಕ ಫಲಕವನ್ನು ಅದರ ಹೊರಗಡೆ ಹಾಕಲಾಗಿತ್ತು.