ದೊಡ್ಡರೋಗದ ಲಸಿಕೆ: ಪ್ರಯೋಗಶಾಲಾ ವಿಕಾಸದ ಒಂದು ಪೂರ್ವಾಧ್ಯಾಯ

ಸೂಕ್ಷ್ಮಜೀವಿಗಳ ವಿಕಾಸವನ್ನು ಪ್ರಯೋಗಶಾಲೆಯಲ್ಲಿಯೇ ನಡೆಸಿ ನೋಡುವ ವಿದ್ಯೆಗೆ, 1988ರಲ್ಲಿ ರಿಚರ್ಡ್ ಲೆನ್ಸ್ಕಿಯವರು ಹನ್ನೆರಡು ಬ್ಯಾಕ್ಟೀರಿಯಾ ಸಮುದಾಯಗಳೊಡನೆ ಅಮೆರಿಕದಲ್ಲಿ ಆರಂಭಿಸಿದ ಪ್ರಯೋಗವನ್ನು ನಿದರ್ಶನವಾಗಿ ಹೇಳುವುದು ವಾಡಿಕೆ. ಅದರ ಹಳೆಯ ಬೇರೊಂದು ನಮ್ಮ ದನದ ಕೊಟ್ಟಿಗೆಯವರೆಗೂ ಹಬ್ಬಿದೆಯೆಂಬುದು ನಮ್ಮ ಅಭಿಪ್ರಾಯ.

ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗವನ್ನು ತಡೆಯಲು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆಯು ಸ್ಥಾಪಿತವಾಯಿತು. ಸೀರಮ್ಮಿನ ರಕ್ಷಣೆಯಾದರೋ ಅಲ್ಪಕಾಲದ್ದು. ಅದೇ ದಶಕದಲ್ಲಿ ಹಿಮಾಲಯದ ಮುಕ್ತೇಶ್ವರದಲ್ಲಿ ಜೆ. ಟಿ. ಎಡ್ವರ್ಡ್ಸ್ ಅವರು ಈ ರೋಗದ ವೈರಸ್ಸನ್ನು ಆಡಿನಿಂದ ಆಡಿಗೆ ನೂರಾರು ಸಲ ದಾಟಿಸಿದರು. ಆಡಿನ ಮೈಗೆ ಒಗ್ಗುತ್ತ ಹೋದ ವೈರಸ್ಸು ದನದ ಮೈಯಲ್ಲಿ ಉಗ್ರತೆಯನ್ನು ಕಳೆದುಕೊಂಡಿತು. ಆದರೆ ದೀರ್ಘಕಾಲದ ರಕ್ಷಣೆಯನ್ನು ಕೊಡುವ ಗುಣ ಉಳಿಯಿತು. ಈ ಲಸಿಕೆಯು ನಾಟಿ ದನಗಳಿಗೆ ಸಹ್ಯವಾದರೂ ವಿದೇಶೀ ತಳಿಗಳಿಗೆ ಅಪಾಯಕರವಾಗಿದ್ದಿತು. ಮುಂದೆ ಕೆನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಅವರು ವೈರಸ್ಸನ್ನು ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಸುಮಾರು ತೊಂಬತ್ತು ಸಲ ದಾಟಿಸಿ ಆ ದೋಷವನ್ನೂ ನೀಗಿದರು.

ಭಾರತದಲ್ಲಿ 1995ರ ತರುವಾಯ ಈ ರೋಗವು ಕಂಡುಬಂದಿಲ್ಲ; 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಎಡ್ವರ್ಡ್ಸ್ ಅವರು ಹೊರಟದ್ದು ವಿಕಾಸವನ್ನು ಪರೀಕ್ಷಿಸಲೆಂದಲ್ಲ, ದನಗಳನ್ನು ಉಳಿಸಲೆಂದು. ಇಂದಿನ ಸಿದ್ಧಾಂತವನ್ನು ಅವರ ಮೇಲೆ ಆರೋಪಿಸುವುದು ಇತಿಹಾಸಕಾರನಿಗೆ ತರವಲ್ಲ. ಹೆಸರು ಬರುವ ಮೊದಲೇ ನಡೆದ ಕಾರ್ಯವನ್ನು ಮರೆಯುವುದೂ ತರವಲ್ಲ.