ಮೈಸೂರು ಮೈನ್ಸ್: ಇದು ಖಾಲಿ ಜಾಗವಲ್ಲ

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಕೋಲಾರ ಚಿನ್ನದ ಗಣಿ ಪ್ರದೇಶದ ಈ ಮೈಸೂರು ಮೈನ್ಸ್‌ನಲ್ಲಿ ಗಣಿಯ ಜೊತೆಗೇ ಊರೂ ಬೆಳೆಯಿತು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು, ಪಾಲಾರ್ ಪಾತ್ರದ ಬೇತಮಂಗಲ ಕೆರೆಯಿಂದ ನೀರು ಬಂತು. ಗಣಿಯ ಶಾಫ್ಟ್‌ಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳು, ಗುಡಿ, ಚರ್ಚು, ಶಾಲೆ, ಅಂಗಡಿಗಳು ಎದ್ದವು. ಮನೆ, ದುಡಿಮೆ, ವ್ಯಾಪಾರ ಒಂದೆಡೆ ಇರುವ ಬಡಾವಣೆ ಬೇಕೆಂದು ಇಂದಿನ ನಗರ ಯೋಜಕರು ಹೇಳುತ್ತಾರಲ್ಲ, ಅದು ಇಲ್ಲಿ ಆಗಲೇ ಇತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಹೋದದ್ದು ದುಡಿಮೆ. ಜನ ಇಲ್ಲೇ ಉಳಿದು, ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ಹಾಗಾಗಿ ಈ ಜಾಗದ ಮರುನಿರ್ಮಾಣ ಲೈನ್ ಮನೆಗಳಿಂದಲೇ ಶುರುವಾಗಬೇಕು.

ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಾದ ಸೈನೈಡ್ ಗುಡ್ಡಗಳ ಮಗ್ಗುಲಲ್ಲಿ ವಾಸ ಸರಿಯೇ ಎಂಬುದು ನ್ಯಾಯವಾದ ಪ್ರಶ್ನೆ. ಗಾಳಿ ಜೋರಾದರೆ ಅರೆದ ಕಲ್ಲಿನ ನುಣ್ಣನೆಯ ಬೂದು ಪುಡಿ ಕಿಟಕಿ ಸಂದಿಯಿಂದ ನುಗ್ಗಿ ಪಾತ್ರೆಗಳ ಮೇಲೆ ಕೂರುತ್ತದೆ. ಮಳೆ ಗುಡ್ಡದ ಮೈ ಸೀಳಿ ಅದನ್ನು ಚರಂಡಿಗೆ ಇಳಿಸುತ್ತದೆ. ಗುಡ್ಡಗಳನ್ನು ಮೊದಲು ಭದ್ರಪಡಿಸಬೇಕು ಎನ್ನಲು ಇದು ಕಾರಣವೇ ಹೊರತು, ಇಷ್ಟು ವರ್ಷ ಆ ಧೂಳು ಕುಡಿದವರನ್ನೇ ಎಬ್ಬಿಸಲು ಅಲ್ಲ. ಗುಡ್ಡದಲ್ಲಿ ಉಳಿದಿರುವ ಚಿನ್ನವನ್ನೇ ತೆಗೆದರಾಯಿತು ಎನ್ನುವವರೂ ಇದ್ದಾರೆ. ತೆಗೆಯಲಿ, ಆದರೆ ಪುಡಿ ಮುಗಿದ ದಿನ ಆ ಕೆಲಸವೂ ಮುಗಿಯುತ್ತದೆ. ಹಳೆಯ ಇಂಜಿನ್ ಮನೆಗಳಲ್ಲಿ ತರಬೇತಿ ಕೇಂದ್ರ, ಕಾರ್ಯಾಗಾರ, ಮಾರುಕಟ್ಟೆ ನಡೆಸಿದರೆ ಊರಿಗೆ ಊರಲ್ಲೇ ದುಡಿಮೆ ಸಿಗುತ್ತದೆ. ಶಾಫ್ಟ್‌ಗಳ ಬಾಯಿ ಭದ್ರಮಾಡದೆ, ಲೈನ್ ಮನೆಯವರ ಕೈಗೆ ಹಕ್ಕುಪತ್ರ ಕೊಡದೆ ಈ ಯಾವ ಕೆಲಸಕ್ಕೂ ಕೈಹಾಕಬಾರದು.